ಮೂರು ಗೇಣು ಉದ್ದ, ಎರಡು ಗೇಣು ಅಗಲ

ಮೇಜಿನ ಮೇಲೆ ಹರಡಿಟ್ಟ ಬಾವುಟಗಳನ್ನು ನೋಡಿ ಮಧ್ವರಾಜರ ಮುಖ ಸಪ್ಪಗಾಯಿತು. ಎರಡನೇ ತರಗತಿಯ ಮಕ್ಕಳು ಕಾಗದದಲ್ಲಿ ಮಾಡಿದ ತ್ರಿವರ್ಣ ಧ್ವಜಗಳವು. ಬಣ್ಣ ಚೊಕ್ಕವಾಗಿತ್ತು, ಚಕ್ರ ನಟ್ಟನಡುವೆ ಇತ್ತು, ಆದರೆ ಒಂದರ ಅಳತೆ ಇನ್ನೊಂದಕ್ಕಿರಲಿಲ್ಲ. ಮರುದಿನ ಗಣರಾಜ್ಯೋತ್ಸವ. ಡೊಂಬಿವಲಿಯ ಈ ಕನ್ನಡ ಸಂಘದ ಶಾಲೆಯ ವೇದಿಕೆಯಲ್ಲಿ ಮಕ್ಕಳು ತಮ್ಮ ಧ್ವಜ ಹಿಡಿದು ಸಾಲಾಗಿ ನಿಲ್ಲಬೇಕಿತ್ತು. ಸಂಘದ ಅಧ್ಯಕ್ಷರಾದ ಮಧ್ವರಾಜರು ಒಪ್ಪಿದರೆ ಮಾತ್ರ.

"ಇದೆಂಥದ್ದು ಟೀಚರೇ, ಒಂದು ಉದ್ದ ಒಂದು ಗಿಡ್ಡ? ನನ್ನ ಹೋಟೆಲಲ್ಲಿ ಒಂದು ಇಡ್ಲಿ ದೊಡ್ಡದು ಒಂದು ಸಣ್ಣದು ಬಂದ್ರೆ ಗಿರಾಕಿ ಸುಮ್ಮನಿರ್ತಾನಾ? ನಾಳೆ ಫೋಟೋದಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣ್ತದೆ, ಅಷ್ಟೆ."

ನೌಪಾಡಾದಲ್ಲಿ ಹೋಟೆಲು ನಡೆಸಿಯೇ ತಲೆ ನರೆಸಿಕೊಂಡ ಮನುಷ್ಯ. ಒಂದೇ ಅಚ್ಚು, ಒಂದೇ ಸೌಟು ಎಂಬುದನ್ನು ಬಿಟ್ಟು ಬೇರೆ ವೇದಾಂತ ಅವರಿಗೆ ಗೊತ್ತಿರಲಿಲ್ಲ. ಹಿಂದಿನ ದಿನ ವಾಟ್ಸಾಪಿನಲ್ಲಿ ಈ ಧ್ವಜಗಳ ಫೋಟೋ ಕಂಡದ್ದೇ ತಡ, ಪೇಟೆಯಿಂದ ಒಂದೇ ಅಳತೆಯ ಧ್ವಜಗಳ ಕಟ್ಟೊಂದನ್ನು ತರಿಸಿ, ಬಗಲಿಗೆ ಹಾಕಿಕೊಂಡೇ ಲೋಕಲ್ ರೈಲು ಹತ್ತಿದ್ದರು. ಕಟ್ಟು ನೋಡಿದ ಮಕ್ಕಳಿಗೆ ಸಂಗತಿ ತಿಳಿಯಲು ಹೊತ್ತು ಹಿಡಿಯಲಿಲ್ಲ. ಅದೇ ತರಗತಿಯಲ್ಲಿ ಓದುತ್ತಿದ್ದ ಅವರ ಮೊಮ್ಮಗಳು ಅಪೇಕ್ಷಾ ಎಲ್ಲಕ್ಕಿಂತ ಚಿಕ್ಕ ಬಾವುಟದ ಪಕ್ಕ ನಿಂತಿದ್ದಳು.

"ಅಜ್ಜ, ಹಾಗಾದ್ರೆ ನಮ್ದು ಎಲ್ಲಾ ವೇಸ್ಟಾ?"

ಮಧ್ವರಾಜರಿಗೆ ಅಯ್ಯೋ ಎನಿಸಿತು. ಆದರೆ ಮನೆಯ ಮಗುವೆಂದು ಸಡಿಲ ಬಿಟ್ಟರೆ ನಾಲ್ಕು ಜನ ಆಡಿಕೊಳ್ಳುವುದಿಲ್ಲವೇ? ಅವರು ಅವಳ ಕಡೆ ನೋಡದೆ ಅಪರ್ಣಾ ಟೀಚರ ಕಡೆ ತಿರುಗಿದರು. ಧಾರವಾಡದ ಈ ಹುಡುಗಿ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಅಧ್ಯಕ್ಷರ ಮುಂದೆ ಅವಳ ದನಿ ತುಸು ನಡುಗಿತು, ಮಾತು ಮಾತ್ರ ನಡುಗಲಿಲ್ಲ.

"ಇದ್ರಾಗ ಯಾವುದೂ ತಪ್ಪಿಲ್ರಿ ಸರ. ನಾನು ಸ್ಕೇಲ್ ಕೊಡಲೇ ಇಲ್ಲ. ತಮ್ ತಮ್ ಗೇಣಿಲೆ ಅಳೀರಿ ಅಂದೆ. ಮೂರು ಗೇಣು ಉದ್ದ, ಎರಡು ಗೇಣು ಅಗಲ. ಆಮ್ಯಾಲೆ ಅಗಲಾನ ಮೂರು ಮಡಿಕಿ ಮಾಡಿದ್ರ ಮೂರು ಬಣ್ಣದ ಪಟ್ಟಿ ಬರ್ತಾವ."

"ಸ್ಕೇಲ್ ಯಾಕೆ ಕೊಡ್ಲಿಲ್ಲ?"

ಉತ್ತರ ಮುಂದಿನ ಬೆಂಚಿನ ಅಕ್ಷಿತ್‌ನಿಂದ ಬಂತು. "ನಲವತ್ತೇಳರಲ್ಲಿ ದೆಹಲಿಯಲ್ಲಿ ದೊಡ್ಡವರೆಲ್ಲ ಸೇರಿ ನಮ್ಮ ಬಾವುಟ ಹೇಗಿರ್ಬೇಕು ಅಂತ ತೀರ್ಮಾನ ಮಾಡಿದ್ರು ಸರ್. ಆವಾಗ ಅವ್ರು ಎಷ್ಟು ದೊಡ್ಡದು ಅಂತ ಹೇಳ್ಲೇ ಇಲ್ಲ. ಉದ್ದ ಮೂರಾದ್ರೆ ಅಗಲ ಎರಡು, ಬಸ್, ಅಷ್ಟೇ."

ಪೋರನ ಬಾಯಿಂದ ಸ್ವಾತಂತ್ರ್ಯದ ಚರಿತ್ರೆ ಹೀಗೆ ಪಟಪಟನೆ ಉದುರಿದ್ದು ಕೇಳಿ ಮಧ್ವರಾಜರಿಗೆ ಒಳಗೊಳಗೇ ಖುಷಿಯಾಯಿತು. ತೋರಿಸಿಕೊಳ್ಳಲಿಲ್ಲ. ಒಂದರ ಮೇಲೂ ಹೆಸರಿಲ್ಲವಲ್ಲ, ನಾಳೆ ಗಡಿಬಿಡಿಯಲ್ಲಿ ಯಾರದು ಯಾವುದೆಂದು ಹೇಗೆ ತಿಳಿಯುತ್ತದೆ ಎಂದು ಹೊಸ ತಕರಾರು ತೆಗೆದರು. ಧ್ವಜದ ಮೇಲೆ ಏನೂ ಬರೆಯಬಾರದು ಎಂದು ಮಕ್ಕಳು ಅವರಿಗೇ ಪಾಠ ಹೇಳಿದರು. ಆಮೇಲೆ ಮೇಜಿನ ಸುತ್ತ ಮುತ್ತಿಕೊಂಡು, ಗೇಣು ಇಟ್ಟು ನೋಡುತ್ತ, ಗಲಾಟೆಯಿಲ್ಲದೆ ಒಬ್ಬೊಬ್ಬರೂ ತಮ್ಮದನ್ನು ಆರಿಸಿಕೊಂಡರು. ಅಪೇಕ್ಷಾಳ ಪುಟ್ಟ ಕೈ ಆ ಚಿಕ್ಕ ಬಾವುಟದ ಮೇಲೆ ಮೂರು ಸಲ ಸರಿದು ಸರಿಯಾಗಿ ಅಂಚಿಗೆ ಬಂದು ನಿಂತಿತು.

ಅಪರ್ಣಾ ತಾನು ಮಾಡಿದ ಬಾವುಟವನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ಮಕ್ಕಳಿಂದ ಅವರದನ್ನು ಇಸಿದುಕೊಂಡು ದೊಡ್ಡದರಿಂದ ಚಿಕ್ಕದಕ್ಕೆ, ಕೆಳಗಿನ ಎಡಮೂಲೆಗಳು ಒಂದಕ್ಕೊಂದು ಕೂಡುವಂತೆ ಜೋಡಿಸಿದಳು. ಅಪೇಕ್ಷಾಳದ್ದು ಎಲ್ಲದರ ಮೇಲೆ ಕುಳಿತಿತು. ಹೂ ಕಟ್ಟುವ ನೂಲನ್ನು ಆ ಮೂಲೆಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ತನ್ನ ಬಾವುಟದ ಎದುರು ಮೂಲೆಗೆ ಬಿಗಿಯಾಗಿ ಎಳೆದಳು. ಮಧ್ವರಾಜರು ಕನ್ನಡಕ ಸರಿಮಾಡಿಕೊಂಡು ಬಾಗಿದರು. ಚಿಕ್ಕದಾಗಲಿ ದೊಡ್ಡದಾಗಲಿ, ಪ್ರತಿಯೊಂದು ಬಾವುಟದ ಮೇಲಿನ ಬಲಮೂಲೆಯೂ ಅದೇ ನೂಲನ್ನು ಮುಟ್ಟಿತ್ತು.

ಅಳತೆ ಬೇರೆಯಾದರೂ ಆಕಾರ ಒಂದೇ ಎಂಬ ಇಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣ ಮಕ್ಕಳಿಗೆ ಈ ಹುಡುಗಿ ಎಷ್ಟು ಸಲೀಸಾಗಿ ಕಲಿಸಿದಳಲ್ಲ ಎಂದು ಅವರಿಗೆ ಅನಿಸಿತು. ತಾವು ತಂದ ಕಟ್ಟನ್ನು ಶಾಲೆಯ ಸಿಪಾಯಿಯ ಕೈಗೆ ಕೊಟ್ಟು, ಆಫೀಸಿನ ಕಪಾಟಿನಲ್ಲಿ ಜೋಪಾನವಾಗಿ ಇಡಲು ಹೇಳಿದರು.

"ಚಂದ ಕಲಿಸಿದ್ದೀರಿ ಮಾರಾಯ್ರೆ. ನಾಳೆ ಇವೇ ಇರ್ಲಿ," ಎಂದರು. ನಂತರ ತುಸು ನಾಚಿ, "ನಂಗೂ ಒಂದು ಕಾಗದ ಕೊಡಿ. ನಾನೂ ಇವರ ಸಾಲಿನಲ್ಲೇ ನಿಲ್ತೇನೆ."

ಅವರು ಕೈ ಚಾಚುವ ಮೊದಲೇ ಮಕ್ಕಳು ಕಾಗದ ತಂದರು. ಮಧ್ವರಾಜರು ಅಂಗಿಯ ತೋಳು ಮಡಚಿ, ಹೆಬ್ಬೆರಳನ್ನು ಅಂಚಿಗೆ ಊರಿ ಕೈ ಬಿಡಿಸಿದರು. ಹೋಟೆಲಿನ ಮೊದಲ ದಿನಗಳಲ್ಲಿ ರುಬ್ಬುವ ಕಲ್ಲಿಗೆ ಸಿಕ್ಕ ಕಿರುಬೆರಳು ಇಂದಿಗೂ ನೆಟ್ಟಗಾಗುತ್ತಿರಲಿಲ್ಲ. ಅಷ್ಟು ದೊಡ್ಡ ಅಂಗೈಯ ಗೇಣು ಅರ್ಧಕ್ಕೇ ನಿಂತಿತು. ಅಧ್ಯಕ್ಷರ ಧ್ವಜ ಮೊಮ್ಮಗಳದ್ದಕ್ಕಿಂತ ಚಿಕ್ಕದಾದೀತು ಎಂದು ಅವರಿಗೆ ಸಂಕೋಚವಾಯಿತು. ಎಡಗೈಯಿಂದ ಆ ಬೆರಳನ್ನು ಒತ್ತಿ ಹಿಗ್ಗಿಸಲು ನೋಡಿದರು.

ಅಪೇಕ್ಷಾ ಮೆಲ್ಲನೆ ಅವರ ಎಡಗೈಯನ್ನು ಪಕ್ಕಕ್ಕೆ ಸರಿಸಿದಳು.

"ಎಳೀಬೇಡ ಅಜ್ಜ, ಅಷ್ಟೇ ಇದ್ರೂ ನಡೀತದೆ, ಚಲೇಗಾ. ಎಲ್ಲಾ ಸಲ ಗೇಣು ಅಷ್ಟೇ ಇಡು, ಸಾಕು."