ಕಿರುಬೆರಳಿಗೆ ಇಳಿದ ಬೇರು

ದೊಡ್ಡತಾಯವ್ವನ ಮೊಣಕಾಲಲ್ಲಿ ಅಮೃತಬಳ್ಳಿ ನೆಟ್ಟು ಮೂರು ತಿಂಗಳಾಗಿತ್ತು. ಸಕ್ಕರೆ ಕಾಯಿಲೆ ನರ ತಿಂದುಹಾಕಿದವರಿಗೆಲ್ಲ ಊರಿನ ನಾಟಿವೈದ್ಯ ಪಂಡಿತರು ಮಾಡೋದೇ ಅದು. ಎಲೆ ಹೊರಗೆ, ಬೇರು ಒಳಗೆ. ಬೇರು ಪಾದಕ್ಕೆ ಇಳಿದ್ರೆ ಅದೇ ಹೊಸ ನರ. ಮೂರು ತಿಂಗಳಲ್ಲಿ ಇಳೀದಿದ್ರೆ ಕತ್ತರಿಸಿ ಬಿಸಾಕ್ತಾರೆ, ಎರಡನೇ ಸಲ ನೆಡಕ್ಕಾಗಲ್ಲ. ಇವತ್ತೇ ಕಡೇ ದಿನ.

ಪಂಡಿತರ ಜಗಲೀಲಿ ಹತ್ತು ಜನ ಕಾಲು ಚಾಚ್ಕೊಂಡು ಎಲೆಗೆ ಬಿಸಿಲು ಕೊಡ್ತಿದ್ರು. ದೊಡ್ಡತಾಯವ್ವನ ಪಾದ ಮಾತ್ರ ಕೊರಡು. ಹೋದ ವರ್ಷ ಯುಗಾದಿ ಮಾರನೇ ದಿನ, ವರ್ಷತೊಡಕಿನ ಬಾಡೂಟದ ಹೊತ್ತಲ್ಲಿ ಕೆಂಡ ತುಳಿದುಬಿಟ್ಟು, ಸುಟ್ಟ ವಾಸನೆ ಬಂದಾಗ, "ಯಾರ ಮನೇದೇ ಬಾಡು ಸೀದಿದ್ದು?" ಅಂತ ಕೇರಿಯೆಲ್ಲ ವಿಚಾರಿಸಿದ್ಲು ಮಹಾತಾಯಿ!

ಪಂಡಿತರು ದಿನಾ ಮಾಡೋ ಹಂಗೆ ಹೆಬ್ಬೆರಳಿಗೆ ಜಾಲಿಮುಳ್ಳು ಚುಚ್ಚಿದ್ರು. "ಗೊತ್ತಾಯ್ತೇನವ್ವಾ?"

"ಮೊದ್ಲು ಚುಚ್ಚಿ ಸ್ವಾಮಿ, ಆಮೇಲೆ ಕೇಳಿ."

ಪಂಡಿತರು ಕತ್ತರಿ ತರಕ್ಕೆ ಒಳಕ್ಕೋದ್ರು. ದೊಡ್ಡತಾಯವ್ವ ಸೆರಗಲ್ಲಿ ಮುಖ ಮುಚ್ಚಿಕೊಂಡ್ಲು. ಅದೇ ಸಮಯ ಅಂತ ಪಂಡಿತರ ಮನೆ ಮೇಕೆ ಬಂದು, ಅವಳ ಮೊಣಕಾಲಿನ ಎಲೆಗೆ ಬಾಯಿ ಹಾಕಿ ಜಗ್ಗಿತು.

"ಅಯ್ಯಯ್ಯಪ್ಪೋ!" ಅಂತ ಕಿರುಚಿದ್ಲು ದೊಡ್ಡತಾಯವ್ವ.

ಪಕ್ಕದಲ್ಲಿ ಕೂತಿದ್ದ ಕೆಂಚಣ್ಣ ಮೇಕೆಗೆ ಕೋಲೆತ್ತಿದ.

"ಮುಟ್ಟೀಯ ಕಣ್ಲಾ! ಇನ್ನೊಂದು ಎಲೆ ತಿನ್ಲಿ! ಕಿರುಬೆರಳು ಉರೀತದೆ ಕಣೋ. ಹೋದ ವರ್ಷ ತುಳಿದ ಕೆಂಡ ಈಗ ಸುಡ್ತಾ ಅದೆ!"

ಓಡಿಬಂದ ಪಂಡಿತರು ಕಿರುಬೆರಳಿಗೆ ಮುಳ್ಳು ತಾಗಿಸಿದ್ರು, ಅಷ್ಟೇ. ಅವಳು ಒದ್ದ ಒದೆಗೆ ಪಂಡಿತರು ಅಂಗಳದಲ್ಲಿ, ಅವರ ಪೇಟ ಊರಾಚೆ ಕೆರೇಲಿ!

ಬಿದ್ದಲ್ಲಿಂದಲೇ ನಗ್ತಾ ಕೂಗಿದ್ರು: "ಲೇ, ಆ ಮೇಕೆಗೆ ಒಂದಿಷ್ಟು ಹಿಂಡಿ ಹಾಕ್ರೇ!"