ಕೆಂಪು ಪೆನ್ಸಿಲ್

ಮಗಳ ಪೆನ್ಸಿಲ್ ಕೆತ್ತಿಕೊಡುವಾಗ ಏಳುವ ಆ ಕಟ್ಟಿಗೆ ವಾಸನೆ ಈಗಲೂ ನನಗೆ ಆಗೋದಿಲ್ಲ.

ನಾನು ಚಿಕ್ಕವಳಿದ್ದಾಗ ಕಂಪ್ಲಿಯಲ್ಲಿ ನಮ್ಮ ಅಕ್ಕಿ ಮಿಲ್ಲಿನ ಹಿಂದೇ ನಮ್ಮ ಮನೆ. ಓಣಿಗೆಲ್ಲ ಇದ್ದದ್ದು ನಮ್ಮದೊಂದೇ ಟಿವಿ. ಹಳ್ಳಿಯ ಇನ್‌ಸ್ಪೆಕ್ಟರೊಬ್ಬನ ಧಾರಾವಾಹಿ ಹದಿಮೂರು ವಾರ, ಭಾನುವಾರ ಮಧ್ಯಾಹ್ನ ಬಂತು. ಅಪ್ಪ ಮತ್ತು ಅವರ ಗೆಳೆಯರಾದ ಪೊಲೀಸ್ ದಫೇದಾರರು ಕುರ್ಚಿಯಲ್ಲಿ. ನಾವು ಚಾಪೆಯ ಮೇಲೆ. ಮಿಲ್ಲಿನಲ್ಲಿ ಚೀಲ ಹೊಲಿಯುವ ಹುಲುಗಪ್ಪ ಹೊಸ್ತಿಲಾಚೆ.

ಒಂದು ಭಾನುವಾರ ಟಿವಿಯ ಇನ್‌ಸ್ಪೆಕ್ಟರ್ ಒಬ್ಬ ಹೆಂಗಸಿನ ಕೊಲೆಯ ಬಗ್ಗೆ ಊರವರನ್ನು ಮೆತ್ತಗೆ ವಿಚಾರಿಸುತ್ತಿದ್ದ. ದಫೇದಾರರಿಗೆ ನಗು ತಡೆಯಲಿಲ್ಲ. "ಹಿಂಗ ಕೇಳಿದ್ರ ಯಾವನು ಬಾಯಿ ಬಿಡ್ತಾನ್ರಿ? ಏ ಹುಲುಗ, ಬಾರಲೇ ಇಲ್ಲಿ. ತಂಗೀ, ನಿನ್ನ ಪೆನ್ಸಿಲ್ ತಾ."

ನಾನು ಓಡಿಹೋಗಿ ನನ್ನ ಹೊಸ ಕೆಂಪು ಪೆನ್ಸಿಲ್ಲನ್ನೇ ತಂದೆ. ದಫೇದಾರರು ಅದನ್ನು ಹುಲುಗಪ್ಪನ ಬೆರಳ ಸಂದಿಗೆ ಸಿಗಿಸಿ ಬೆರಳು ಹಿಚುಕಿದರು.

"ಆಕೀನ್ನ ಕೊಂದವನು ಯಾರಲೇ?"

ಹುಲುಗಪ್ಪ ಮೊದಲು ಎಲ್ಲರ ಜೊತೆ ನಕ್ಕ. ಆಮೇಲೆ, "ಯಪ್ಪಾ, ನಾನೇ ಕೊಂದೇನ್ರಿ, ಬಿಡ್ರಿ," ಅಂದ.

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಪ್ಪ ಕಣ್ಣೊರೆಸಿಕೊಂಡು, "ಕೇಸು ಮುಗೀತು, ಟಿವಿ ಆರಿಸ್ರಿ," ಅಂದರು.

ಪೆನ್ಸಿಲ್ ಮುರಿದಿತ್ತು. ಅತ್ತವಳು ನಾನೊಬ್ಬಳೇ.

ಮರುದಿನ ಹುಲುಗಪ್ಪ ಹಿತ್ತಲ ಬಾಗಿಲಿಗೆ ಬಂದ. ಬಾತ ಬೆರಳು ಮಡಚಲು ಬರುತ್ತಿರಲಿಲ್ಲ. ಎರಡು ಅಂಗೈ ನಡುವೆ ಹಿಡಿದು ತಂದ ಹೊಸ ಪೆನ್ಸಿಲೊಂದನ್ನು ಚಾಚಿ, "ಅಳಬ್ಯಾಡ್ರವ್ವ," ಅಂದ.

"ಇದು ಹಸಿರು," ಅಂದೆ ನಾನು. "ನಂದು ಕೆಂಪಿತ್ತು."