ಎರಡು ಕಿಲೋ

ಎರಡನೇ ಸಲವೂ ಟ್ರಿಗರ್ ಟಕ್ ಎಂದು ಜಾರಿತು. ತಪಾಸಣೆಯ ಮೇಜಿನ ಆಚೆ ನಿಂತಿದ್ದ ಮಾವ ಸೊಸೆಯ ಮುಖವನ್ನೂ ನೋಡದೆ, "ಇನ್ನೊಂದೇ ಅವಕಾಶ, ನಂಬರ್ ಹದಿನೇಳು," ಎಂದರು.

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಸರ್ವಿಸ್ ರೈಫಲ್ ಸ್ಪರ್ಧೆಯ ನಿಯಮವೇನೋ ಸರಳವೇ: ಪಡೆಯವರು ಕೊಟ್ಟ ಬಂದೂಕು ಕೊಟ್ಟ ಹಾಗೇ ಇರಬೇಕು. ಆದರೆ ಮೊಸರಲ್ಲಿ ಕಲ್ಲು ಹುಡುಕುವವರ ಕೈಗೆ ನಿಯಮದ ಪುಸ್ತಕ ಸಿಕ್ಕರೆ ಕೇಳಬೇಕೆ? ಭುಜಕ್ಕೆ ಒತ್ತದಿರಲಿ ಎಂದು ಬಂದೂಕಿನ ಹಿಂತುದಿಗೆ ಸುತ್ತಿದ್ದ ಬಟ್ಟೆ ಬಿಚ್ಚಿಸಿದರು. ಹೆಗಲ ಪಟ್ಟಿಯಲ್ಲಿ ಹೊಲಿಗೆಯೊಂದು ಹೆಚ್ಚಾಗಿದೆ ಎಂದು ಬ್ಲೇಡು ಕೊಟ್ಟು ಕೀಳಿಸಿದರು. ಕೋಟಿನ ಮೊಣಕೈ ತೇಪೆ ದಪ್ಪವಾಯಿತೆಂದು ಅದಕ್ಕೂ ಅಳತೆಪಟ್ಟಿ ಹಿಡಿದರು. ಮನೆಯಲ್ಲೂ ಹೀಗೇ; ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಮೂತಿ ಒಂದೇ ದಿಕ್ಕಿಗಿರದಿದ್ದರೆ ಹೊಸ್ತಿಲು ದಾಟುವವರಲ್ಲ. ಒಮ್ಮೆ ಶಸ್ತ್ರಾಗಾರಕ್ಕೆ ಬಂದು ನನ್ನ ರೈಫಲ್ ನೋಡಿ ಎಂದು ಹೋದ ವಾರ ಅವಳು ಗೋಗರೆದದ್ದಕ್ಕೆ, ಮನೆಯವಳೆಂದು ಮೊದಲೇ ನೋಡಿಕೊಟ್ಟರೆ ನಾಲ್ಕು ಜನ ಏನಂದಾರು ಎಂದು ಎದ್ದು ಹೋಗಿದ್ದರು.

ಅವಳಿಗೆ ಇದು ಕೊನೆಯ ಸ್ಪರ್ಧೆ. ಮುಂದಿನ ತಿಂಗಳು ಪಡೆಯಲ್ಲಿ ಬಡ್ತಿ, ಬಡ್ತಿಯ ಹಿಂದೆಯೇ ಕಚೇರಿಯ ಕುರ್ಚಿ. ಕುರ್ಚಿಯಲ್ಲಿ ಕೂತವರಿಗೆ ಸರ್ವಿಸ್ ರೈಫಲ್ ಕೊಡುವುದಿಲ್ಲ. ಹೋದ ವರ್ಷ ಎರಡೇ ಅಂಕಕ್ಕೆ ಪದಕ ತಪ್ಪಿತ್ತು. ಈ ಸಲ ಮೈದಾನಕ್ಕೇ ಬಿಡದೆ ಮನೆಗೆ ಕಳಿಸುವ ಹಾಗಿದ್ದರು. ಅದೂ ಟ್ರಿಗರ್ ಹಗುರ ಎಂಬ ನೆವಕ್ಕೆ. ಎರಡು ಕಿಲೋ ತೂಕದ ಬಟ್ಟನ್ನು ಟ್ರಿಗರ್‌ಗೆ ಕೊಂಡಿ ಹಾಕಿ, ಖಾಲಿ ರೈಫಲನ್ನು ನೆಟ್ಟಗೆ ಮೇಲೆತ್ತಬೇಕು; ಟ್ರಿಗರ್ ಜಾರದೆ ಬಟ್ಟು ಮೇಜು ಬಿಟ್ಟು ಎದ್ದರೆ ಪಾಸು. ನಿನ್ನೆ ಶಸ್ತ್ರಾಗಾರದಲ್ಲಿ ಐದು ಸಲ ಎತ್ತಿ ನೋಡಿದ್ದಳು. ಐದು ಸಲವೂ ಎದ್ದಿತ್ತು.

"ಸ್ವಲ್ಪ ನಿಧಾನಕ್ಕೆ ಎತ್ತಿ ಸರ್," ಎಂದಳು ಹಲ್ಲು ಕಚ್ಚಿಕೊಂಡು.

"ನಲವತ್ತು ವರ್ಷದಿಂದ ಎತ್ತುತಾ ಇದೀನಿ. ನನಗೆ ಹೇಳಿಕೊಡೋಕೆ ಬರಬೇಡ."

ಮಾವ ಮೂರನೇ ಸಲ ಕೊಂಡಿ ಸಿಕ್ಕಿಸಿದರು. ಹಿಂದಿನ ಎರಡು ಸಲ ಅವಳ ಕಣ್ಣು ಟ್ರಿಗರ್ ಮೇಲಿತ್ತು. ಈ ಸಲ ಸಿಟ್ಟಿಗೆ ಅದನ್ನು ನೋಡಲೂ ಮನಸ್ಸಾಗದೆ ಅವರ ಕೈ ನೋಡಿದಳು. ಇನ್ನೂ ಎತ್ತಿರಲೇ ಇಲ್ಲ, ಮೇಜಿನ ಮೇಲಿದ್ದ ಬಟ್ಟು ಆಗಲೇ ಕಟಕಟ ಎನ್ನುತ್ತಿತ್ತು. ಬೆರಳುಗಳಿಂದ ಮುಂಗೈಯವರೆಗೆ ಬಲಗೈ ಸಣ್ಣಗೆ ನಡುಗುತ್ತಿತ್ತು. ಟ್ರಿಗರ್ ಜಾರಿದ್ದು ಆ ಕುಲುಕಿಗೆ. ಕೆಲವು ತಿಂಗಳಿಂದ ಚಹಾ ಲೋಟವನ್ನು ಕೈಗೆ ಇಸಿದುಕೊಳ್ಳದೆ "ಅಲ್ಲೇ ಇಡಮ್ಮ" ಎನ್ನುತ್ತಿದ್ದರು. ಅದನ್ನೂ ಅವಳು ಬಿಗುಮಾನವೆಂದೇ ತಿಳಿದಿದ್ದಳು.

ಬಾಯಿ ತೆರೆದರೆ ಸಾಕಿತ್ತು. ಪಕ್ಕದ ಮೇಜಿನಲ್ಲೇ ಸ್ಪರ್ಧೆ ನಡೆಸುವ ಸಂಘದ ಕಾರ್ಯದರ್ಶಿ ಕೂತಿದ್ದ. ಹಿಂದೆ ಸಾಲಿನಲ್ಲಿ ಇಪ್ಪತ್ತು ಜನ. ನಿಮ್ಮ ಕೈ ನಡುಗುತ್ತಿದೆ ಎಂದರೆ ಅವಳ ರೈಫಲ್ ಪಾಸು, ಮಾವನ ಕೆಲಸ ಇವತ್ತಿಗೇ ಮುಗಿಯಿತು. ಅತ್ತೆ ತೀರಿಕೊಂಡ ಮೇಲೆ ವರ್ಷಕ್ಕೆ ಮೂರು ಸಲ ಈ ಮೇಜಿನ ಮುಂದೆ ನಿಲ್ಲುವುದಕ್ಕಾಗಿಯೇ ಅವರು ಕೋಟಿಗೆ ಇಸ್ತ್ರಿ ಹಾಕಿಸುತ್ತಿದ್ದದ್ದು.

"ತಾಳಿ ಸರ್," ಎಂದಳು. "ಮೂರನೇ ಸಲ ಸ್ಪರ್ಧಿ ತಾನೇ ಎತ್ತಬಹುದು ಅಂತ ನಿಯಮ ಇದೆ. ಹದಿನಾಲ್ಕನೇ ಪುಟ."

ಪುಸ್ತಕ ಮಾವನಿಗೆ ಬಾಯಿಪಾಠ. ಆದರೂ ಕನ್ನಡಕ ಏರಿಸಿ ಹದಿನಾಲ್ಕನೇ ಪುಟ ತೆಗೆದರು. ಅಲ್ಲಿದ್ದದ್ದು ಬೂಟಿನ ಹಿಮ್ಮಡಿ ಎಷ್ಟು ಎತ್ತರ ಇರಬೇಕೆಂಬ ನಿಯಮ. ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಓದಿದರು. ಆಮೇಲೆ ಪುಸ್ತಕ ಮುಚ್ಚಿ, ಬಲಗೈಯನ್ನು ಕೋಟಿನ ಜೇಬಿಗೆ ಇಳಿಬಿಟ್ಟು, ರೈಫಲನ್ನು ಅವಳ ಕಡೆ ಸರಿಸಿದರು.

"ಎತ್ತು."

ಎತ್ತಿದಳು. ಬಟ್ಟು ಮೇಜು ಬಿಟ್ಟು ಎದ್ದು ಗಾಳಿಯಲ್ಲಿ ನಿಂತಿತು. ಟ್ರಿಗರ್ ಮಿಸುಕಲಿಲ್ಲ. ಕಾರ್ಯದರ್ಶಿ ಇತ್ತ ನೋಡಿ ತಲೆಯಾಡಿಸಿ ಹಸಿರು ಚೀಟಿ ಅಂಟಿಸಿದ. ಗೆದ್ದೆನೆಂದು ಅನಿಸಬೇಕಿತ್ತು, ಅನಿಸಲಿಲ್ಲ. ಒಂದು ಮಾತು ಮನೆಯಲ್ಲಿ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಹೊಸದಾಗಿ ರೇಗಿತು. ರೈಫಲ್ ಹೆಗಲಿಗೇರಿಸಿ ತಿರುಗಿದವಳು ಅಲ್ಲೇ ನಿಂತಳು. ಗೋಡೆಗೆ ಒರಗಿಸಿದ್ದ ನಾಲ್ಕು ರೈಫಲ್‌ಗಳಿಗೆ ಕೆಂಪು ಚೀಟಿ ನೇತಾಡುತ್ತಿತ್ತು. ನಾಲ್ಕರ ಮೇಲೂ ಒಂದೇ ಒಕ್ಕಣೆ: ಟ್ರಿಗರ್ ಹಗುರ. ಅವುಗಳ ಒಡೆಯರು ಹೊರಗಿನ ಬೆಂಚಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದರು.

ತಿರುಗಿ ನೋಡಿದಳು. ಮಾವನೂ ಅದನ್ನೇ ನೋಡುತ್ತಿದ್ದರು.

"ಆ ನಾಲ್ಕು ಜನರನ್ನೂ ವಾಪಸ್ ಕರಿ," ಎಂದರು.

ಅವಳು ಮೇಜಿನ ಮೇಲೆ ಬಾಗಿ, ಇತರರಿಗೆ ಕೇಳಿಸದಂತೆ, "ಏನಂತ ಹೇಳಿ ಕರೀಲಿ ಮಾವ?" ಎಂದಳು.

"ತಪಾಸಣೆ ಸಾಮಾನು ಕೆಟ್ಟಿದೆ ಅಂತ ಹೇಳು," ಎಂದು ಅವರು ಬಲಗೈಯನ್ನು ಜೇಬಿನಿಂದ ತೆಗೆದು, ಕಾರ್ಯದರ್ಶಿಗೂ ಕಾಣುವಂತೆ, ಮೇಜಿನ ಮೇಲೆ ಇಟ್ಟರು.